ಬಾವಿಕಟ್ಟೆಯಲ್ಲಿ ಹುಟ್ಟೋ ಕಾನೂನು

ಇವತ್ತು ನಾನು ಮಾತಾಡ್ಬೇಕು ಅಂತಿರೋದು ಎಲ್ಲೂ ಇಲ್ಲದ ಒಂದು ಊರಿನ ಬಗ್ಗೆ. ಊರು ಅಂದ್ರೆ ದೊಡ್ಡ ಮಾತಾಯ್ತು, ಕ್ಯಾಂಪ್ ಅನ್ನೋಣ. ಯುದ್ಧ ಅನ್ನಿ, ಪ್ರವಾಹ ಅನ್ನಿ, ಏನೋ ಒಂದು ಕಾರಣಕ್ಕೆ ಇದ್ದ ಜಾಗ ಬಿಟ್ಟು ಬಂದ ಒಂದಷ್ಟು ಜನ ಒಂದು ಕಣಿವೇಲಿ ಬಿಡಾರ ಹಾಕಿದ್ದಾರೆ, ಹೊರಗಿಂದ ಏನೂ ಬರಲ್ಲ, ತಾವು ಬೆಳೆದಿದ್ದು ತಾವು ತಿನ್ಬೇಕು, ತಮ್ಮ ಜಗಳ ತಾವೇ ಬಗೆಹರಿಸ್ಕೋಬೇಕು. ಇಂಥ ಕಥೆ ಬರೀಬೇಕು ಅಂತ ಇಟ್ಕೊಂಡಿರೋರು ನಿಮ್ಮಲ್ಲಿ ತುಂಬಾ ಜನ ಇದ್ದೀರಿ, ಅದಕ್ಕೇ ಈ ವಿಷಯ ಆರಿಸ್ಕೊಂಡೆ.

ನಾನು ಈ ಥರದ ಹಸ್ತಪ್ರತಿ ಬೇಕಾದಷ್ಟು ಓದಿದೀನಿ. ಹೆಚ್ಚುಕಮ್ಮಿ ಎಲ್ಲದರಲ್ಲೂ ಮೊದಲನೇ ಅಧ್ಯಾಯಕ್ಕೇ ಕಾನೂನಿನ ಪಟ್ಟಿ ಬಂದ್ಬಿಡುತ್ತೆ. ಬಂಡೆ ಮೇಲೆ ಬರೆದಿರ್ತಾರೆ, ಸುಳ್ಳು ಹೇಳಬಾರದು, ಕದಿಯಬಾರದು, ನಾಯಕನ ಮಾತು ಮೀರಬಾರದು, ಮೀರಿದ್ರೆ ಗಡೀಪಾರು. ಓದ್ತಾ ಓದ್ತಾ ನನಗೆ ಒಂದೇ ಯೋಚನೆ, ಈ ಜನ ಬೆಳಿಗ್ಗೆ ಎದ್ದು ಮುಖ ತೊಳೆದಿದ್ದು ಯಾವ ನೀರಲ್ಲಿ, ಅದನ್ನ ಹೊತ್ತು ತಂದೋರು ಯಾರು? ಮುನ್ನೂರು ಪುಟ ಮುಗಿದ್ರೂ ಅದು ಗೊತ್ತಾಗಲ್ಲ. ನಾನು ನಂಬಿರೋದು ಇಷ್ಟೇ, ಇಂಥ ಕಡೆ ಕಾನೂನು ಹುಟ್ಟೋದು ಬಾವಿಕಟ್ಟೇಲಿ, ಉಗ್ರಾಣದ ಬಾಗಿಲಲ್ಲಿ, ಕಕ್ಕಸು ಗುಂಡಿ ಪಕ್ಕದಲ್ಲಿ. ಎಲ್ಲಿ ಕೊರತೆ ಇದೆಯೋ ಅಲ್ಲಿ. ಮೊದಲು ಒಂದು ದಿನ ಬರೀರಿ, ಬೆಳಿಗ್ಗೆಯಿಂದ ರಾತ್ರಿ ತನಕ, ಕಾನೂನು ತಾನಾಗೇ ಒಂದೊಂದಾಗಿ ಬರುತ್ತೆ. ಇವತ್ತು ನಿಮ್ಮೆದುರಿಗೇ ಒಂದು ಕ್ಯಾಂಪ್ ಕಟ್ಟಿ ನೋಡೋಣ.

ಲೆಕ್ಕಕ್ಕೆ 120 ಜನ ಅಂತ ಇಟ್ಕೊಳ್ಳಿ. 24 ಬಿಡಾರ, ಬಿಡಾರಕ್ಕೆ ಐದೈದು ಜನ. ನೀರಿಗೆ ಒಂದು ತೆರೆದ ಬಾವಿ, ಒಂದು ರಾಟೆ, ಒಂದು ಹಗ್ಗ. ನಿರಾಶ್ರಿತರ ಶಿಬಿರಗಳಲ್ಲಿ ಕೆಲಸ ಮಾಡೋ ಸಂಸ್ಥೆಗಳು 1997ರಿಂದ ಒಟ್ಟಿಗೆ ಸೇರಿ ಮಾಡ್ಕೊಂಡು ಬಂದಿರೋ ಸ್ಫಿಯರ್ ಅನ್ನೋ ಕೈಪಿಡಿ ಇದೆ, ಇಂಥ ಕಥೆ ಬರೆಯೋರು ಅದನ್ನ ಓದಲೇಬೇಕು ಅಂತ ನಾನು ಎಲ್ಲರಿಗೂ ಹೇಳ್ತೀನಿ. ಅದರ ಪ್ರಕಾರ ಒಬ್ಬ ಮನುಷ್ಯನಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು ಬೇಕು, ಕುಡಿಯೋದು, ಅಡುಗೆ, ಮೈಕೈ ತೊಳೆಯೋದು ಎಲ್ಲಾ ಸೇರಿ. ತೆರೆದ ಬಾವಿಯಿಂದ ಸೇದಿದ್ರೆ ನಿಮಿಷಕ್ಕೆ ಹನ್ನೆರಡೂವರೆ ಲೀಟರ್ ಅಂತ ಅವರ ಅಂದಾಜು. ಈಗ ಲೆಕ್ಕ ಹಾಕಿ. 120 ಜನಕ್ಕೆ 1800 ಲೀಟರ್. ಸೇದೋಕೆ 144 ನಿಮಿಷ, ಅಂದ್ರೆ ಎರಡು ಗಂಟೆ 24 ನಿಮಿಷ. ಒಂದೊಂದು ಬಿಡಾರಕ್ಕೆ ಸರಿಯಾಗಿ ಆರು ನಿಮಿಷ.

ಆ ಆರು ನಿಮಿಷದಲ್ಲೇ ನಿಮ್ಮ ಮೊದಲನೇ ಕಾನೂನು ಇದೆ ನೋಡಿ. ಮೊದಲು ಸೇದೋ ಬಿಡಾರದೋರು ಕತ್ತಲಲ್ಲೇ ಕೊಡ ತುಂಬ್ಕೊಂಡು ಹೋಗಿ ಒಲೆ ಹಚ್ಚಿರ್ತಾರೆ, ಕೊನೇ ಬಿಡಾರದೋರು ಎರಡು ಗಂಟೆ ಮೇಲೆ ಕಾದು, ಬಿಸಿಲೇರಿದ ಮೇಲೆ ಬಗ್ಗಡದ ನೀರು ಹೊತ್ಕೊಂಡು ಹೋಗ್ಬೇಕು, ಹೊಲಕ್ಕೂ ತಡ, ಬೈಗುಳ ಬೇರೆ. ಮೊದಲನೇ ವಾರ ಗಟ್ಟಿಮುಟ್ಟಾಗಿರೋರು, ಬಿಡಾರ ಬಾವಿಗೆ ಹತ್ರ ಇರೋರು, ಇವರೇ ಮುಂದೆ. ಎರಡನೇ ವಾರ ಯಾರೋ ರಾತ್ರಿಯೇ ಕೊಡ ತಂದು ಸಾಲಲ್ಲಿ ಇಟ್ಟು ಹೋಗ್ತಾರೆ, ಇನ್ಯಾರೋ ಅದನ್ನ ಪಕ್ಕಕ್ಕೆ ಸರಿಸ್ತಾರೆ, ಒಂದು ಬೆಳಿಗ್ಗೆ ಒಂದು ಕೊಡ ಒಡೆಯುತ್ತೆ. ಅವತ್ತು ಸಾಯಂಕಾಲ ಎಲ್ಲರೂ ಸೇರಿ ಕೂತ್ಕೋತಾರೆ. ನನ್ನ ಕ್ಯಾಂಪಲ್ಲಿ ಅವತ್ತು ಬಡಗಿ ಕೆಲಸ ಗೊತ್ತಿರೋ ಒಬ್ಬ ಅಜ್ಜ 24 ಮರದ ಬಿಲ್ಲೆ ಕೆತ್ತಿ ಕೊಡ್ತಾನೆ, ಬಿಡಾರಕ್ಕೊಂದು. ಬಾವಿ ಪಕ್ಕದ ಹಲಗೆ ಮೇಲೆ ಸಾಲಾಗಿ ಮೊಳೆ ಹೊಡೆದು ಅವನ್ನ ನೇತುಹಾಕ್ತಾರೆ. ದಿನಾ ಬೆಳಿಗ್ಗೆ ಮೊದಲು ಸೇದಿದವರು ತಮ್ಮ ಬಿಲ್ಲೆ ತೆಗೆದು ಕೊನೇ ಮೊಳೆಗೆ ಹಾಕ್ಬೇಕು, ಮಿಕ್ಕಿದವು ಒಂದೊಂದು ಮೊಳೆ ಮುಂದೆ ಬರ್ತವೆ. 24 ದಿನಕ್ಕೊಂದು ಸಲ ಪ್ರತಿಯೊಬ್ಬರಿಗೂ ಕತ್ತಲ ನೀರು, ಪ್ರತಿಯೊಬ್ಬರಿಗೂ ಬಿಸಿಲ ನೀರು. ಒಂದಕ್ಷರ ಬರೀದೇ ಕಾನೂನಾಯ್ತು, ಓದೋಕೆ ಬರದ ಮಗೂಗೂ ಇದು ಅರ್ಥ ಆಗುತ್ತೆ.

ಇನ್ನು ಇದರ ಬಾಲ ಹಿಡ್ಕೊಂಡು ಹೋಗಿ. ಬಾಣಂತಿ ಇರೋ ಬಿಡಾರಕ್ಕೆ ಏನು ಮಾಡೋದು? ಜ್ವರ ಬಂದು ಐದೂ ಜನ ಮಲಗಿದ್ರೆ ಅವರ ನೀರು ಯಾರು ಸೇದ್ಬೇಕು? ಹಗ್ಗ ಸವೆದು ಹರಿದ್ರೆ ಹೊಸದು ಹೊಸೆಯೋದು ಅವತ್ತು ಯಾರ ಕೈಲಿ ಹರೀತೋ ಅವರಾ ಅಥವಾ ಎಲ್ಲರೂನಾ? ಇದೊಂದೊಂದೂ ಒಂದೊಂದು ಅಧ್ಯಾಯ ಆಗುತ್ತೆ, ನಿಜವಾಗ್ಲೂ. ನಾನಾಗಿದ್ರೆ ಹಗ್ಗದ ವಿಷಯದಲ್ಲೇ ಎರಡು ಕುಟುಂಬ ಮಾತು ಬಿಡೋ ಹಾಗೆ ಮಾಡ್ತೀನಿ.

ಬಾವಿ ಆದ್ಮೇಲೆ ಕಕ್ಕಸು. ಇದನ್ನ ಯಾರೂ ಬರಿಯಲ್ಲ, ಆದ್ರೆ ಕ್ಯಾಂಪು ಉಳಿಯೋದು ಸಾಯೋದು ಇಲ್ಲೇ ತೀರ್ಮಾನ ಆಗೋದು. ಅದೇ ಕೈಪಿಡಿ ಹೇಳೋ ಹಾಗೆ 20 ಜನಕ್ಕೊಂದು ಅಂದ್ರೆ ಆರು ಗುಂಡಿ ಬೇಕು. ಬಾವಿಯಿಂದ ಕನಿಷ್ಠ 30 ಮೀಟರ್ ದೂರ, ಗುಂಡಿಯ ತಳ ಅಂತರ್ಜಲಕ್ಕಿಂತ ಕನಿಷ್ಠ ಒಂದೂವರೆ ಮೀಟರ್ ಮೇಲೆ ಇರ್ಬೇಕು. ಹಾಗೇ ಮನೆಯಿಂದ 50 ಮೀಟರ್ ದಾಟಬಾರದು, ದಾಟಿದ್ರೆ ರಾತ್ರಿ ಹೊತ್ತು ಹೆಂಗಸರು ಮಕ್ಕಳು ಅಲ್ಲೀತನಕ ಹೋಗಲ್ಲ. ಈಗ ನಿಮ್ಮ ಕಣಿವೆಯ ನಕ್ಷೆ ಬರೆದು ನೋಡಿ, ಬಾವಿಯಿಂದ ದೂರ ಇರ್ಬೇಕು, ಮನೆಗೆ ಹತ್ರ ಇರ್ಬೇಕು, ತಗ್ಗಲ್ಲಿ ಇರಬಾರದು. ಅಂಥ ಜಾಗ ಇರೋದು ಒಂದೇ ಕಡೆ, ಯಾರದೋ ಬಿಡಾರದ ಬೆನ್ನಿಗೆ. ಆ ಬಿಡಾರದೋರು ಒಪ್ತಾರಾ? ಒಪ್ಪಿಸಿದ್ದಕ್ಕೆ ಅವರಿಗೆ ಏನು ಕೊಟ್ರು? ಗುಂಡಿ ತುಂಬಿದ ಮೇಲೆ ಹೊಸದು ತೋಡೋ ಪಾಳಿ ಯಾರದು? ಸುಳ್ಳು ಹೇಳಬಾರದು ಅನ್ನೋ ಬಂಡೆ ಮೇಲಿನ ಕಾನೂನಿಗಿಂತ ಇದು ನನಗೆ ಹತ್ತು ಪಟ್ಟು ಮುಖ್ಯ ಅನ್ಸುತ್ತೆ.

ಕೆಲಸ ಹಂಚೋದಕ್ಕೆ ಬರೋಣ. ಎಲ್ಲರೂ ದುಡೀತಾರೆ ಅಂತ ಒಂದು ಸಾಲಲ್ಲಿ ಮುಗಿಸ್ಬೇಡಿ ದಯವಿಟ್ಟು. ಯಾವುದು ಕೆಲಸ, ಯಾವುದು ಕೆಲಸ ಅಲ್ಲ ಅನ್ನೋದೇ ದೊಡ್ಡ ರಾಜಕೀಯ. ಅಮೆರಿಕದ ವರ್ಜೀನಿಯಾದಲ್ಲಿ ಟ್ವಿನ್ ಓಕ್ಸ್ ಅಂತ ಒಂದು ಸಮುದಾಯ 1967ರಿಂದ ನಡ್ಕೊಂಡು ಬಂದಿದೆ, ಅಲ್ಲಿ ಒಬ್ಬೊಬ್ಬರೂ ವಾರಕ್ಕೆ 42 ಗಂಟೆ ಆಸುಪಾಸು ದುಡೀಬೇಕು, ಆದ್ರೆ ಅಡುಗೆ, ಮಕ್ಕಳನ್ನ ನೋಡ್ಕೊಳ್ಳೋದು, ಪಾತ್ರೆ ತೊಳೆಯೋದು ಎಲ್ಲಾನೂ ಆ ಗಂಟೆಯ ಲೆಕ್ಕಕ್ಕೇ ಬರುತ್ತೆ, ಒಂದು ಗಂಟೆ ಅಂದ್ರೆ ಒಂದು ಗಂಟೆ, ಹೊಲದ್ದು ಹೆಚ್ಚು ಅಡುಗೆಮನೇದು ಕಮ್ಮಿ ಅಂತಿಲ್ಲ. ನಿಮ್ಮ ಕ್ಯಾಂಪಲ್ಲಿ ಹೀಗಿದೆಯಾ? ಇಲ್ಲ ಅಂದ್ರೆ ಅದನ್ನ ತೋರಿಸಿ. ಹೊಲ ಉತ್ತು ಬಂದೋನ ಪಕ್ಕದಲ್ಲೇ ಹೊಗೆಯಲ್ಲಿ ಕಣ್ಣುಜ್ಜಿಕೊಂಡು ಕೂತೋಳು ಇದ್ದಾಳೆ, ಅವನ ದಿನ ಲೆಕ್ಕಕ್ಕೆ ಬರುತ್ತೆ, ಅವಳದ್ದು ಬರಲ್ಲ ಅಂದ್ರೆ ಅಲ್ಲಿಂದಲೇ ಕಥೆ ಶುರು.

ಮಧ್ಯಾಹ್ನದ ಊಟದ ಹೊತ್ತಿಗೆ ಬರೋಣ, ನನಗೆ ತುಂಬಾ ಇಷ್ಟದ ಜಾಗ ಇದು. ಒಂದು ದೊಡ್ಡ ಹಂಡೆ, ಒಂದು ಸೌಟು. ಹಂಡೆಯ ಮೇಲ್ಗಡೆ ತಿಳಿ, ಕೆಳಗಡೆ ಕಾಳು. ಬಡಿಸೋಳು ಸೌಟನ್ನ ಮೇಲೆ ಮೇಲೆ ಆಡಿಸಿದ್ರೆ ನಿಮ್ಮ ತಟ್ಟೇಲಿ ನೀರು, ತಳಕ್ಕೆ ಇಳಿಸಿ ಎತ್ತಿದ್ರೆ ಕಾಳು. ಅಷ್ಟೇ ವ್ಯತ್ಯಾಸ, ಬರೀ ಮಣಿಕಟ್ಟಿನ ಒಂದು ತಿರುವು. ಹಸಿದ ಜನ ಅದನ್ನ ಹೇಗೆ ನೋಡ್ತಾರೆ ಗೊತ್ತಾ, ಬಡಿಸೋಳ ಮುಖ ಯಾರೂ ನೋಡಲ್ಲ, ಎಲ್ಲರ ಕಣ್ಣೂ ಸೌಟಿನ ಮೇಲೆ. ಅವಳ ತಮ್ಮನೇ ತಟ್ಟೆ ಹಿಡ್ಕೊಂಡು ಬಂದಾಗ ಸೌಟು ಎಷ್ಟು ಆಳಕ್ಕೆ ಹೋಯ್ತು ಅಂತ ಸಾಲಲ್ಲಿರೋ ಪ್ರತಿಯೊಬ್ಬರಿಗೂ ಗೊತ್ತಿರುತ್ತೆ.

ಇದಕ್ಕೆ ಜನ ಏನೇನು ಉಪಾಯ ಕಂಡ್ಕೊಂಡಿದ್ದಾರೆ ನೋಡಿ. 1902-03ರಲ್ಲಿ ಸ್ಕಾಟ್, ಶಾಕಲ್ಟನ್, ವಿಲ್ಸನ್ ಅನ್ನೋ ಮೂರು ಜನ ಬ್ರಿಟಿಷ್ ಅನ್ವೇಷಕರು ಅಂಟಾರ್ಕ್ಟಿಕಾದಲ್ಲಿ ದಕ್ಷಿಣ ಧ್ರುವದ ಕಡೆ ನಡ್ಕೊಂಡು ಹೋದಾಗ ಊಟ ತೀರಾ ಕಮ್ಮಿ. ಒಬ್ಬ ಮೂರು ಪಾಲು ಮಾಡ್ತಾನೆ, ಇನ್ನೊಬ್ಬ ಮುಖ ತಿರುಗಿಸ್ಕೊಂಡು ಕೂತ್ಕೋತಾನೆ, ಪಾಲು ಮಾಡಿದೋನು ಒಂದೊಂದನ್ನೇ ತೋರಿಸಿ ಇದು ಯಾರದು ಅಂತ ಕೇಳ್ತಾನೆ, ನೋಡದೇ ಇರೋನು ಹೆಸರು ಹೇಳ್ತಾನೆ. ಮೂರೇ ಜನ, ಒಬ್ಬರಿಗೊಬ್ಬರು ಪ್ರಾಣ ಒಪ್ಪಿಸಿದೋರು, ಅವರಿಗೂ ಇದು ಬೇಕಾಯ್ತು. ಅಪನಂಬಿಕೆಯಿಂದ ಅಂತ ನನಗೆ ಅನ್ಸಲ್ಲ, ಅಪನಂಬಿಕೆ ಬಾರದೇ ಇರಲಿ ಅಂತ. ನಿಮ್ಮ ಕ್ಯಾಂಪಿನ 120 ಜನಕ್ಕೆ ಮುಖ ತಿರುಗಿಸೋ ಆಟ ನಡಿಯಲ್ಲ, ಆದ್ರೆ ಬಡಿಸೋಳು ತನ್ನ ಮನೆಯೋರಿಗೆ ಬಡಿಸಬಾರದು, ಅವಳ ತಟ್ಟೆಗೆ ಬೇರೆಯೋರು ಹಾಕ್ಬೇಕು, ಅದೂ ಎಲ್ಲರದ್ದೂ ಆದ್ಮೇಲೆ, ಈ ಥರ ಒಂದು ಕಟ್ಟಳೆ ಖಂಡಿತಾ ಹುಟ್ಟುತ್ತೆ.

ಸೌಟಿನ ಹಿಂದೆ ಉಗ್ರಾಣ. ಇಲ್ಲಿ ಸ್ವಲ್ಪ ಲೆಕ್ಕ ಮಾಡ್ಲೇಬೇಕು, ಬೇಜಾರು ಮಾಡ್ಕೋಬೇಡಿ. ಶಿಬಿರಗಳಲ್ಲಿ ಒಬ್ಬರಿಗೆ ದಿನಕ್ಕೆ ಸರಾಸರಿ 2100 ಕಿಲೋಕ್ಯಾಲೊರಿ ಅಂತ ಲೆಕ್ಕ ಹಿಡೀತಾರೆ. ಅದರ ಮುಕ್ಕಾಲು ಭಾಗ ಧಾನ್ಯದಿಂದಲೇ ಬರ್ಬೇಕು ಅಂದ್ರೆ ತಲೆಗೆ ಸುಮಾರು 450 ಗ್ರಾಂ, 120 ಜನಕ್ಕೆ ದಿನಕ್ಕೆ 54 ಕೆಜಿ, ವರ್ಷಕ್ಕೆ 20 ಟನ್ ಹತ್ತಿರ. ಅಷ್ಟೇ ಬೆಳೆದ್ರೆ ಸಾಕಾ? ಸಾಲಲ್ಲ, ಯಾಕಂದ್ರೆ ಬೀಜ ಬೇಕು. ಮಧ್ಯಯುಗದ ಯೂರೋಪಲ್ಲಿ ಒಂದು ಪಾಲು ಗೋಧಿ ಬಿತ್ತಿದ್ರೆ ನಾಲ್ಕು ಪಾಲು ಸಿಕ್ಕಿದ್ರೆ ಪುಣ್ಯ ಅನ್ನೋ ಕಾಲ ಇತ್ತು. ಆ ಲೆಕ್ಕ ಹಿಡಿದ್ರೆ ಕೊಯ್ದಿದ್ರಲ್ಲಿ ಕಾಲು ಭಾಗ ವಾಪಸ್ ಮಣ್ಣಿಗೆ, ಅಂದ್ರೆ 27 ಟನ್ ಬೆಳೀಬೇಕು. ಗೊಬ್ಬರದ ಚೀಲ ಇಲ್ಲ, ಹೆಕ್ಟೇರಿಗೆ ಒಂದು ಟನ್ ಅಂತ ಇಟ್ಕೊಂಡ್ರೆ 65 ಎಕರೆ ಮೇಲೆ ಉಳುಮೆ. ಎಷ್ಟೋ ಕಥೆಗಳಲ್ಲಿ ಗುಡಿಸಲ ಹಿಂದಿನ ಒಂದು ತರಕಾರಿ ಮಡಿ ಇಡೀ ಕ್ಯಾಂಪನ್ನ ಸಾಕ್ತಾ ಇರುತ್ತೆ, ಅದು ಆಗೋ ಮಾತಲ್ಲ.

ಹಾಗಾಗಿ ಬಿತ್ತನೆ ಬೀಜದ ಕಣಜ ಇದೆಯಲ್ಲ, ಅದು ಇಡೀ ಕ್ಯಾಂಪಿನ ಅತ್ಯಂತ ಕಠಿಣ ಕಾನೂನು ಇರೋ ಜಾಗ. ಎದುರಿಗೇ ಕಾಳಿದೆ, ಮಗು ಹಸಿವಿಂದ ಅಳ್ತಿದೆ, ಮುಟ್ಟೋ ಹಾಗಿಲ್ಲ. ಇದು ಬರೀ ಕಲ್ಪನೆ ಅನ್ಕೋಬೇಡಿ. ಎರಡನೇ ಮಹಾಯುದ್ಧದಲ್ಲಿ 1941ರ ಸೆಪ್ಟೆಂಬರಿಂದ 1944ರ ಜನವರಿ ತನಕ ರಷ್ಯಾದ ಲೆನಿನ್‌ಗ್ರಾಡ್ ನಗರಕ್ಕೆ ಮುತ್ತಿಗೆ ಬಿದ್ದಿತ್ತು, 872 ದಿನ. ಅಲ್ಲಿ ವಿಜ್ಞಾನಿ ವಾವಿಲೋವ್ ಕಟ್ಟಿದ ಸಸ್ಯ ಸಂಸ್ಥೆಯಲ್ಲಿ ಪ್ರಪಂಚದ ಮೂಲೆಮೂಲೆಯಿಂದ ತಂದ ಬೀಜಗಳ ಸಂಗ್ರಹ ಇತ್ತು, ಅಕ್ಕಿ, ಗೋಧಿ, ಕಡಲೇಕಾಯಿ, ಆಲೂಗಡ್ಡೆ ಎಲ್ಲಾ. ಅದನ್ನ ಕಾಯ್ತಾ ಇದ್ದ ವಿಜ್ಞಾನಿಗಳಲ್ಲಿ ಹಲವರು ಹಸಿವಿಂದ ಸತ್ತರು, ಅಕ್ಕಿ ಸಂಗ್ರಹ ನೋಡ್ಕೊಳ್ತಿದ್ದ ಡಿಮಿಟ್ರಿ ಇವಾನೊವ್ ಸತ್ತಾಗ ಅವರ ಸುತ್ತ ಸಾವಿರಾರು ಪೊಟ್ಟಣ ಅಕ್ಕಿ ಹಾಗೇ ಇತ್ತು. ವಾವಿಲೋವ್ ಕೂಡ 1943ರಲ್ಲಿ ಸೋವಿಯತ್ ಜೈಲಲ್ಲಿ ತೀರಿಹೋದ್ರು. ಈ ಸಂಗತಿ ಹೇಳ್ವಾಗೆಲ್ಲ ನನಗೆ ಸ್ವಲ್ಪ ಹೊತ್ತು ಮುಂದೆ ಮಾತೇ ಹೊರಡಲ್ಲ. ಅವರನ್ನ ಯಾವ ಶಿಕ್ಷೆಯ ಭಯ ತಡೀತು? ಯಾವುದೂ ಇಲ್ಲ. ನಿಮ್ಮ ಕ್ಯಾಂಪಲ್ಲಿ ಬೀಜ ಕಾಯೋಳು ಯಾರು ಅಂತ ಆರಿಸುವಾಗ ಇದನ್ನ ನೆನಪಿಟ್ಕೊಳ್ಳಿ.

ಉಗ್ರಾಣದ ಕೀಲಿ ಯಾರ ಹತ್ರ ಅನ್ನೋದು ಇನ್ನೊಂದು. ಕಥೆಗಳಲ್ಲಿ ನಾಯಕನ ಸೊಂಟದಲ್ಲೇ ಇರುತ್ತೆ. 18ನೇ ಶತಮಾನದ ಶುರುವಿನ ಕಡಲ್ಗಳ್ಳರು ಇದಕ್ಕಿಂತ ಬುದ್ಧಿವಂತರು ಕಣ್ರೀ. ಅವರ ಹಡಗಲ್ಲಿ ಕ್ಯಾಪ್ಟನ್ ಮಾತು ನಡೀತಿದ್ದಿದ್ದು ಬೆನ್ನಟ್ಟುವಾಗ, ಕಾದಾಡುವಾಗ ಮಾತ್ರ, ಊಟ ಹಂಚೋದು, ಲೂಟಿ ಹಂಚೋದು, ಸಣ್ಣಪುಟ್ಟ ತಗಾದೆ ತೀರಿಸೋದು ಕ್ವಾರ್ಟರ್‌ಮಾಸ್ಟರ್ ಕೆಲಸ, ಇಬ್ಬರನ್ನೂ ಹಡಗಿನೋರೇ ಓಟು ಹಾಕಿ ಆರಿಸ್ತಿದ್ರು. 1722ರಲ್ಲಿ ಸತ್ತ ಬಾರ್ತೊಲೊಮ್ಯೂ ರಾಬರ್ಟ್ಸ್ ಹಡಗಿನ ಕರಾರುಗಳಲ್ಲಿ ರಾತ್ರಿ ಎಂಟಕ್ಕೆ ದೀಪ ಆರಿಸ್ಬೇಕು ಅನ್ನೋದೂ ಇದೆ, ಕೈಕಾಲು ಹೋದೋರಿಗೆ ಪರಿಹಾರ ಇಷ್ಟು ಅನ್ನೋದೂ ಇದೆ. ಕತ್ತಿ ಹಿಡಿದೋನ ಕೈಗೆ ಸೌಟು ಕೊಡಬಾರದು ಅಂತ ಕಳ್ಳರಿಗೇ ಗೊತ್ತಿತ್ತು. ನನ್ನ ಕ್ಯಾಂಪಲ್ಲಿ ಉಗ್ರಾಣಕ್ಕೆ ಎರಡು ಬೀಗ, ಎರಡು ಕೀಲಿ, ಒಬ್ಬರಿಗೊಬ್ಬರು ಅಷ್ಟಕ್ಕಷ್ಟೇ ಅನ್ನೋ ಎರಡು ಮನೆಗಳ ಹತ್ರ ಒಂದೊಂದು.

ದನ ಇದ್ರೆ ಹುಲ್ಲುಗಾವಲಿನ ಜಗಳ. ಇದನ್ನ ಬೇಗ ಹೇಳಿ ಮುಗಿಸ್ತೀನಿ. ಸ್ವಿಟ್ಜರ್ಲೆಂಡಿನ ಟೋರ್ಬೆಲ್ ಅನ್ನೋ ಹಳ್ಳೀಲಿ 1517ರ ಒಂದು ಕಟ್ಟಳೆ ಇದೆ, ಚಳಿಗಾಲದಲ್ಲಿ ಸ್ವಂತ ಮೇವು ಹಾಕಿ ಎಷ್ಟು ಹಸು ಸಾಕ್ತೀಯೋ ಅಷ್ಟನ್ನೇ ಬೇಸಿಗೇಲಿ ಊರ ಹುಲ್ಲುಗಾವಲಿಗೆ ಬಿಡ್ಬೇಕು. ಎಷ್ಟು ಸರಳ ನೋಡಿ, ಪ್ರತಿಯೊಬ್ಬನ ಕೊಟ್ಟಿಗೆಯೇ ಅವನ ಮಿತಿ. ಎಲಿನೋರ್ ಆಸ್ಟ್ರಮ್ ಇಂಥವನ್ನೇ ಹುಡುಕ್ಕೊಂಡು ಹೋಗಿ, ಜನ ಸರ್ಕಾರ ಇಲ್ಲದೇನೂ ಹುಲ್ಲು ನೀರು ಕಾಡು ಹಾಳಾಗದ ಹಾಗೆ ನೋಡ್ಕೋಬಹುದು ಅಂತ ತೋರಿಸಿದ್ರು, 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು, ಅದು ಸಿಕ್ಕ ಮೊದಲ ಹೆಂಗಸು ಅವರು. ಅವರು ಹೇಳಿದ್ರಲ್ಲಿ ನಿಮಗೆ ಬೇಕಾಗಿರೋದು ಒಂದು ಮಾತು, ಬಹಳ ಕಾಲ ಬಾಳಿದ ಕಟ್ಟಳೆಗಳಲ್ಲಿ ಮೊದಲನೇ ತಪ್ಪಿಗೆ ಶಿಕ್ಷೆ ಚಿಕ್ಕದು, ತಪ್ಪು ಮರುಕಳಿಸ್ತಾ ಹೋದ ಹಾಗೆ ದೊಡ್ಡದಾಗ್ತಾ ಹೋಗುತ್ತೆ.

ಶಿಕ್ಷೆ ಅಂದಾಗ ಎಲ್ಲರಿಗೂ ಮೊದಲು ಹೊಳೆಯೋದು ಜೈಲು. ಕ್ಯಾಂಪಲ್ಲಿ ಜೈಲು ಕಟ್ಟೋಕಾಗಲ್ಲ, ಯಾಕೆ ಅಂತ ಯೋಚನೆ ಮಾಡಿ. ಒಳಗೆ ಹಾಕಿದೋನು ಕೆಲಸ ಮಾಡಲ್ಲ, ಊಟ ಮಾತ್ರ ಮಾಡ್ತಾನೆ. ಅವನನ್ನ ಕಾಯೋನೂ ಹೊಲಕ್ಕೆ ಹೋಗಲ್ಲ. ಕಳೆ ಕೀಳೋ ಹೊತ್ತಲ್ಲಿ ನಾಲ್ಕು ಕೈ ಕಮ್ಮಿ ಆದ್ರೆ ಅದನ್ನ ತಡ್ಕೊಳ್ಳೋ ಶಕ್ತಿ 120 ಜನಕ್ಕಿಲ್ಲ. ಗಡೀಪಾರು ಅಂದ್ರೆ ಸಾವು, ಅದನ್ನ ಸುಮ್ಸುಮ್ನೆ ಕೊಡೋಕಾಗಲ್ಲ, ಹೋದೋನ ತಮ್ಮ ಅಕ್ಕ ಇಲ್ಲೇ ಇರ್ತಾರೆ, ನಾಳೆ ಅವರ ಪಕ್ಕದಲ್ಲೇ ನಿಂತು ನೀರು ಸೇದ್ಬೇಕು. ಇನ್ನು ಉಳಿಯೋದು ಹೆಚ್ಚುವರಿ ಕೆಲಸ, ಮಾತು ಬಿಡೋದು, ಎಲ್ಲರೆದುರು ತಪ್ಪೊಪ್ಪಿಗೆ. ನನ್ನ ಕ್ಯಾಂಪಲ್ಲಿ ಇಬ್ಬರು ಹುಡುಗರು ಒಂದು ರಾತ್ರಿ ಬಾವಿಕಟ್ಟೆಯ ಬಿಲ್ಲೆಗಳನ್ನ ಅದಲುಬದಲು ಮಾಡ್ತಾರೆ, ತಮ್ಮ ಬಿಡಾರದ್ದು ಇಪ್ಪತ್ತನೇ ಮೊಳೆಯಿಂದ ಎರಡನೇದಕ್ಕೆ. ಹಳೇ ಗಂಟಿನ ಗುರುತು ನೋಡಿ ಅಜ್ಜ ಕಂಡುಹಿಡೀತಾನೆ. ಒಂದು ಸುತ್ತು, ಅಂದ್ರೆ 24 ದಿನ, ಮುದುಕರ ಮತ್ತೆ ಕಾಯಿಲೆಯೋರ ನೀರನ್ನ ಅವರಿಬ್ಬರೇ ಸೇದ್ಬೇಕು ಅಂತ ತೀರ್ಮಾನ ಆಗುತ್ತೆ. ಹತ್ತನೇ ದಿನಕ್ಕೆ ಅವರ ಅಂಗೈ ಬೊಬ್ಬೆ ಒಡೆದಿರುತ್ತೆ, ಒಬ್ಬ ಮುದುಕಿ ಬಟ್ಟೆ ಹರಿದು ಸುತ್ತಿ ಕೊಡ್ತಾಳೆ, ಆಮೇಲೂ ಸೇದಿಸ್ತಾಳೆ. ಬೇರೆ ಶಿಕ್ಷೆ ಇವರಿಗೆ ಬೇಕಾಗಲ್ಲ.

ಜಾಗಕ್ಕೆ ಎಷ್ಟು ಅಂಟಿಕೊಂಡು ಕಾನೂನು ಹುಟ್ಟುತ್ತೆ ಅನ್ನೋದಕ್ಕೆ ಪೆಸಿಫಿಕ್ ಸಾಗರದ ಪಿಟ್‌ಕೇರ್ನ್ ದ್ವೀಪ ನೋಡಬೇಕು. ಬೌಂಟಿ ಅನ್ನೋ ಬ್ರಿಟಿಷ್ ಹಡಗಲ್ಲಿ ದಂಗೆ ಎದ್ದ ಒಂಬತ್ತು ನಾವಿಕರು 1790ರಲ್ಲಿ ಟಹೀಟಿ ಕಡೆಯ ಗಂಡಸರು ಹೆಂಗಸರ ಜೊತೆ ಅಲ್ಲಿ ಹೋಗಿ ಸೇರ್ಕೊಂಡ್ರು, ಹಡಗಿಗೆ ಬೆಂಕಿ ಇಟ್ರು. ಅಲ್ಲಿ ಒಂದು ಕಾಲದಲ್ಲಿ ಹೀಗೊಂದು ಕಾನೂನಿತ್ತು, ಬೆಕ್ಕು ಕೋಳಿ ಹಿಡಿದಿದ್ದನ್ನ ಕಣ್ಣಾರೆ ನೋಡದೇ, ಬರೀ ಅನುಮಾನದ ಮೇಲೆ ಬೆಕ್ಕನ್ನ ಕೊಂದ್ರೆ ದಂಡ 300 ಇಲಿ. ಇಲಿ ಕೊಂದು ಬಾಲಗಳನ್ನ ತಂದು ಮ್ಯಾಜಿಸ್ಟ್ರೇಟ್‌ಗೆ ಎಣಿಸಿ ಒಪ್ಪಿಸ್ಬೇಕು. ಈ ಒಂದು ಕಾನೂನಲ್ಲಿ ಇಡೀ ದ್ವೀಪ ಕಾಣುತ್ತೆ, ಇಲಿ ಕಾಟ ಎಷ್ಟು, ಕೋಳಿ ಎಷ್ಟು ಬೆಲೆಬಾಳೋದು, ಬೆಕ್ಕು ಅಂದ್ರೆ ಹೆಚ್ಚುಕಮ್ಮಿ ಒಬ್ಬ ಕೆಲಸಗಾರ. ಇಂಥದ್ದನ್ನ ಕೂತಲ್ಲೇ ಕೂತು ಕಲ್ಪಿಸ್ಕೊಳ್ಳೋದು ಕಷ್ಟ, ದಿನ ಹೇಗೆ ನಡಿಯುತ್ತೆ ಅಂತ ಗೊತ್ತಿದ್ರೆ ಮಾತ್ರ ಬರುತ್ತೆ.

ಅದೇ ದ್ವೀಪದ ಇನ್ನೊಂದು ಮುಖಾನೂ ಹೇಳ್ಬೇಕು, ಇಲ್ಲ ಅಂದ್ರೆ ಮೋಸ ಆಗುತ್ತೆ. ಅಲ್ಲಿಗೆ ಹೋದ ಕೂಡ್ಲೇ ಅವರು ನೆಲವನ್ನ ಒಂಬತ್ತು ಪಾಲು ಮಾಡಿದ್ರು, ಒಂಬತ್ತೂ ನಾವಿಕರಿಗೆ. ಟಹೀಟಿಯಿಂದ ಬಂದ ಗಂಡಸರಿಗೆ ಒಂದು ಪಾಲೂ ಇಲ್ಲ, ಅವರನ್ನ ಆಳುಗಳ ಹಾಗೆ ನಡೆಸ್ಕೊಂಡ್ರು. ಹತ್ತು ವರ್ಷದೊಳಗೆ ಕೊಲೆಯ ಮೇಲೆ ಕೊಲೆ, 1800ರ ಹೊತ್ತಿಗೆ ಬಂದ ಗಂಡಸರಲ್ಲಿ ಜಾನ್ ಆಡಮ್ಸ್ ಒಬ್ಬನೇ ಉಳಿದಿದ್ದು. ಆಮೇಲೆ ಹೆಂಗಸರು ಮಕ್ಕಳು ಸೇರಿ ಕಟ್ಟಿದ ಊರಿಗೆ 1838ರಲ್ಲಿ ಬರಹದ ಕಾನೂನು ಬಂದಾಗ ಹೆಂಗಸರಿಗೂ ಓಟು ಸಿಕ್ತು. ಹಾಗಾಗಿ ಕಾನೂನು ಏನು ಹೇಳುತ್ತೆ ಅನ್ನೋದಕ್ಕೆ ಮುಂಚೆ ಪಾಲು ಹಾಕುವಾಗ ಯಾರನ್ನ ಎಣಿಸಿದ್ರು, ಯಾರನ್ನ ಬಿಟ್ರು ಅಂತ ನೋಡಿ.

ಸಾಯಂಕಾಲದ ಸಭೆ. ಕಾಗದ ಇಲ್ಲ, ಇದ್ರೂ ಮುಗಿದುಹೋಗುತ್ತೆ, ಹಾಗಾದ್ರೆ ಕಾನೂನು ಎಲ್ಲಿರುತ್ತೆ? ಯಾರದೋ ತಲೇಲಿ. ಐಸ್‌ಲ್ಯಾಂಡಲ್ಲಿ 930ರಲ್ಲಿ ಆಲ್ಥಿಂಗ್ ಅನ್ನೋ ಮಹಾಸಭೆ ಶುರುವಾಯ್ತು, ಅಲ್ಲಿ ಕಾನೂನು ಹೇಳೋನು ಅಂತಲೇ ಒಬ್ಬನನ್ನ ಮೂರು ವರ್ಷಕ್ಕೆ ಆರಿಸ್ತಿದ್ರು, ಅವನು ಪ್ರತಿ ಬೇಸಿಗೆ ಸಭೇಲಿ ಮೂರನೇ ಒಂದು ಭಾಗದಷ್ಟು ಕಾನೂನನ್ನ ಬಾಯಿಪಾಠ ಹೇಳ್ಬೇಕು, ಮೂರು ವರ್ಷಕ್ಕೆ ಪೂರ್ತಿ ಒಂದು ಸುತ್ತು. ಬರಹಕ್ಕೆ ಇಳಿದಿದ್ದು 1117-18ರ ಚಳಿಗಾಲದಲ್ಲಿ, ಅಲ್ಲಿತನಕ ಬಾಯಲ್ಲೇ. ನಿಮ್ಮ ಕ್ಯಾಂಪಲ್ಲಿ ಇಂಥ ಒಬ್ಬಳನ್ನ ಇಟ್ಟು ನೋಡಿ. ಅವಳಿಗೆ ವಯಸ್ಸಾಗಿ ಮರೆವು ಶುರುವಾಗುತ್ತೆ, ಒಂದು ಸಭೇಲಿ ಒಂದು ಸಾಲು ಬಿಟ್ಟು ಮುಂದೆ ಹೋಗ್ತಾಳೆ. ಅದು ಮರೆವಾ, ಬೇಕಂತ ಬಿಟ್ಟಿದ್ದಾ? ಆ ಸಾಲು ಇಲ್ಲದಿದ್ರೆ ಯಾರಿಗೆ ಲಾಭ? ಇಡೀ ಸಭೆ ಉಸಿರು ಬಿಗಿಹಿಡ್ಕೊಂಡು ಕೂತಿರುತ್ತೆ, ಯಾರು ಎದ್ದು ನಿಂತು ಅಜ್ಜಿ, ಒಂದು ಬಿಟ್ಟೋಯ್ತು ಅಂತಾರೆ ಅಂತ.

ಸಭೆ ಮುಗಿದ ಮೇಲೆ ಬೆಂಕಿ. ಹುಲ್ಲಿನ ಚಾವಣಿ, ಒತ್ತೊತ್ತಾಗಿ ಗುಡಿಸಲು, ಒಂದು ಕಿಡಿ ಸಾಕು. ಕರ್ಫ್ಯೂ ಅನ್ನೋ ಪದ ನಾವೆಲ್ಲ ಬೇರೆ ಅರ್ಥದಲ್ಲಿ ಕೇಳಿದೀವಿ, ಆದ್ರೆ ಅದು ಬಂದಿದ್ದು ಹಳೇ ಫ್ರೆಂಚಿನ ಬೆಂಕಿ ಮುಚ್ಚು ಅನ್ನೋ ಮಾತಿಂದ. ರಾತ್ರಿ ಗಂಟೆ ಹೊಡೆದ ಕೂಡ್ಲೇ ಪ್ರತಿ ಮನೇಲೂ ಕೆಂಡಕ್ಕೆ ಬೂದಿ ಮುಚ್ಚಬೇಕು. ಆರಿಸೋ ಹಾಗಿಲ್ಲ, ಬೆಳಿಗ್ಗೆ ಬೇಕಲ್ಲ. ಜನ ಹೊರಗೆ ಓಡಾಡಬಾರದು ಅನ್ನೋ ಅರ್ಥ ಎಲ್ಲಾ ಆಮೇಲೆ ಅಂಟ್ಕೊಂಡಿದ್ದು. ನಿಮ್ಮ ಕ್ಯಾಂಪಲ್ಲೂ ಹೀಗೇ ಆಗಬಹುದು, ಬೆಂಕಿಗೆ ಅಂತ ಹೊಡೆದ ಗಂಟೆ ಹತ್ತು ವರ್ಷ ಆದ್ಮೇಲೆ ಯಾರನ್ನೋ ಮನೆಯೊಳಗೆ ಕೂಡಿಹಾಕೋ ಗಂಟೆ ಆಗಬಹುದು, ಯಾರೂ ಗಮನಿಸದೇನೇ.

ಸ್ವಾವಲಂಬಿ ಕ್ಯಾಂಪ್ ಅಂತೀವಲ್ಲ, ಅದರ ಬಗ್ಗೆ ಒಂದು ತಕರಾರು ಇದೆ ನನ್ನದು. ಉಪ್ಪು ಎಲ್ಲಿಂದ ಬರುತ್ತೆ? ವಿಶ್ವ ಆರೋಗ್ಯ ಸಂಸ್ಥೆ ದೊಡ್ಡೋರಿಗೆ ದಿನಕ್ಕೆ ಐದು ಗ್ರಾಂ ಒಳಗೆ ಇರಲಿ ಅನ್ನುತ್ತೆ, ತಲೆಗೆ ಅಷ್ಟೇ ಇಟ್ಕೊಂಡ್ರೂ 120 ಜನಕ್ಕೆ ವರ್ಷಕ್ಕೆ 219 ಕೆಜಿ, ಮಾಂಸ ಮೀನು ಒಣಗಿಸಿಡೋಕೆ, ದನಕ್ಕೆ ಬೇರೆ. ಸಮುದ್ರವೋ ಉಪ್ಪಿನ ಬುಗ್ಗೆಯೋ ಹತ್ರ ಇಲ್ಲ ಅಂದ್ರೆ ಯಾರೋ ಹೊರಗೆ ಹೋಗ್ಲೇಬೇಕು, ಯಾರ ಹತ್ರನೋ ಕೇಳ್ಲೇಬೇಕು. ಕಬ್ಬಿಣ, ಸೂಜಿ, ಕನ್ನಡಕ, ಔಷಧಿ, ಇವೂ ಅಷ್ಟೇ. ಗೇಟಿನ ಕಾನೂನು ಇಲ್ಲಿಂದ ಬರುತ್ತೆ, ಹೊರಗೆ ಹೋಗೋ ಹಕ್ಕು ಯಾರಿಗೆ, ಏನು ಕೊಟ್ಟು ಏನು ತರಬಹುದು, ಕ್ಯಾಂಪ್ ಇರೋ ಜಾಗ ಹೊರಗಿನೋರಿಗೆ ಹೇಳಬಹುದಾ. ಉಪ್ಪು ತರೋಕೆ ಹೋಗಿಬರೋಳಿಗೆ ಹೊರಗಿನ ಸುದ್ದಿ ಗೊತ್ತಿರುತ್ತೆ, ಕೀಲಿ ಇಲ್ಲದೇನೂ ಅವಳ ಕೈಲಿ ಒಂದು ಅಧಿಕಾರ ಇರುತ್ತೆ.

ಮಕ್ಕಳ ಬಗ್ಗೆಯೂ ಹೇಳ್ಬೇಕು. ಬಂದೋರು ಒಪ್ಪಿ ಬಂದ್ರು, ಹುಟ್ಟಿದೋರನ್ನ ಯಾರೂ ಕೇಳಿಲ್ಲ. ಕೊಡ ಒಡೆದ ಬೆಳಿಗ್ಗೆ ನೋಡಿದೋರಿಗೆ ಬಿಲ್ಲೆ ಅಂದ್ರೆ ಶಾಂತಿ, ಆಮೇಲೆ ಹುಟ್ಟಿದ ಹುಡುಗಿಗೆ ಅದು ಬರೀ ಒಂದು ಮರದ ತುಂಡು. 1910ರಲ್ಲಿ, ಇವತ್ತಿನ ಇಸ್ರೇಲಿನಲ್ಲಿರೋ ಡೆಗಾನಿಯಾದಿಂದ ಶುರುವಾದ ಕಿಬುತ್ಸ್ ಅನ್ನೋ ಒಟ್ಟಿಗೆ ದುಡಿದು ಬಾಳೋ ಊರುಗಳಲ್ಲಿ ಬಹಳ ಕಡೆ ಮಕ್ಕಳು ರಾತ್ರಿ ಅಪ್ಪ ಅಮ್ಮನ ಜೊತೆ ಮಲಗ್ತಿರಲಿಲ್ಲ, ಮಕ್ಕಳ ಮನೆ ಅಂತ ಬೇರೆಯೇ ಇತ್ತು. ಹಾಗೆ ಬೆಳೆದ ಮಕ್ಕಳು ತಾವೇ ತಾಯಂದಿರಾದಾಗ ಎಷ್ಟೋ ಜನ ನಮ್ಮ ಮಗು ನಮ್ಮ ಹತ್ರಾನೇ ಮಲಗ್ಬೇಕು ಅಂದ್ರು, 1990ರ ದಶಕದ ಹೊತ್ತಿಗೆ ಆ ಪದ್ಧತಿ ಹೋಯ್ತು. ನಿಮ್ಮ ಕಥೆ ಎರಡನೇ ತಲೆಮಾರಿಂದ ಶುರುವಾದ್ರೆ ತುಂಬಾ ಒಳ್ಳೇದು, ಯಾಕೆ ಅಂತ ಕೇಳೋರು ಅವರೇ.

ಕೊನೇಗೆ ಗೇಟಿನ ಆಚೆ ನಿಂತಿರೋರು. 1848ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ತು, ಸಾವಿರಾರು ಜನ ನುಗ್ಗಿದ್ರು, ನೆಲ ಯಾರದು ಅಂತ ಹೇಳೋ ಸರ್ಕಾರ ಅಲ್ಲಿರಲಿಲ್ಲ. ಗಣಿ ಕ್ಯಾಂಪಿನೋರು ಸಭೆ ಸೇರಿ ತಾವೇ ಕಟ್ಟಳೆ ಮಾಡಿದ್ರು, ಒಬ್ಬೊಬ್ಬನಿಗೆ ಇಷ್ಟು ಅಡಿ ಜಾಗ, ಅಗೀತಾ ಇದ್ರೆ ನಿನ್ನದು, ಬಿಟ್ಟು ಹೋದ್ರೆ ಬೇರೆಯೋನದು. ಆ ಕಟ್ಟಳೆಗಳು ಎಷ್ಟು ಗಟ್ಟಿಯಾಗಿ ನಿಂತ್ವು ಅಂದ್ರೆ 1872ರ ದೇಶದ ಗಣಿ ಕಾನೂನೇ ಅವನ್ನ ಒಪ್ಕೊಂಡಿತು. ಅದೇ ಕ್ಯಾಂಪುಗಳು ಮೆಕ್ಸಿಕೋದೋರನ್ನ, ಚೀನಾದೋರನ್ನ ಹೊಡೆದು ಓಡಿಸಿದ್ವು, 1850ರಲ್ಲಿ ವಿದೇಶಿ ಗಣಿಗಾರರ ಮೇಲೆ ತಿಂಗಳಿಗೆ 20 ಡಾಲರ್ ತೆರಿಗೆ ಬೇರೆ ಬಿತ್ತು. ಒಳಗಿನೋರಿಗೆ ಅಷ್ಟು ನ್ಯಾಯವಾಗಿ ನಡ್ಕೊಂಡ ಜನವೇ ಹೊರಗಿನೋರಿಗೆ ಹೀಗೆ ಮಾಡಿದ್ರು, ಎರಡೂ ನಿಜ, ಎರಡನ್ನೂ ಬರೀಬೇಕು.

ನನ್ನ ಕ್ಯಾಂಪಿಗೆ ಒಂದು ಸಂಜೆ ಒಬ್ಬ ಹೆಂಗಸು ಮಗು ಎತ್ಕೊಂಡು ಬರ್ತಾಳೆ. ಬಾವಿ ನೀರು ಕೆಳಗಿಳಿದಿರೋ ತಿಂಗಳು. 122 ಜನ, 30 ಲೀಟರ್ ಜಾಸ್ತಿ, ಅವಳು ಸೇದೋಕೆ ಸುಮಾರು ಎರಡೂವರೆ ನಿಮಿಷ ಬೇಕು. ಸಭೆ ಮೂರು ರಾತ್ರಿ ನಡಿಯುತ್ತೆ. ಬೇಡ ಅನ್ನೋರ ಮಾತಲ್ಲೂ ಸುಳ್ಳಿಲ್ಲ, ದಯವಿಟ್ಟು ಬೇಡ ಅನ್ನೋರು ಕೆಟ್ಟವರು ಅಂತ ಮಾಡ್ಬೇಡಿ, ಅವರ ಬಿಡಾರದಲ್ಲೂ ಚಿಕ್ಕ ಮಕ್ಕಳಿದ್ದಾರೆ. ನಾಲ್ಕನೇ ದಿನ ಬೆಳಿಗ್ಗೆ ಕತ್ತಲಲ್ಲಿ ಮೊದಲನೇ ಬಿಡಾರದೋರು ನೀರಿಗೆ ಬಂದಾಗ ಬಡಗಿ ಅಜ್ಜ ಆಗಲೇ ಬಾವಿಕಟ್ಟೇಲಿ ಕೂತಿದ್ದಾನೆ, ಮಡಿಲಲ್ಲಿ ಮರದ ಸಿಪ್ಪೆ, ಕೈಲಿ ಅರ್ಧ ಕೆತ್ತಿದ ಇಪ್ಪತ್ತೈದನೇ ಬಿಲ್ಲೆ. ಹಲಗೇಲಿ ಮೊಳೆ ಇರೋದು ಇಪ್ಪತ್ನಾಲ್ಕೇ. ಕೊಡ ಕೆಳಗಿಟ್ಟು ಒಬ್ಬಾಕೆ ಕೇಳ್ತಾಳೆ, ಅಜ್ಜ, ಇದನ್ನ ಎಲ್ಲಿ ಹಾಕ್ತೀಯಾ?